ಬುಡದಲ್ಲಿ ಬಿಳಿ ಪಟ್ಟಿ ಇರುವ ಕರಿ ಮರದ ಕೆತ್ತನೆ

ಪ್ರಶ್ನೆ: ನನ್ನ ಮಗ ಮೂರು ವರ್ಷದಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಒಂದೂವರೆ ಅಡಿ ಎತ್ತರದ ಕರಿ ಮರದ ಕೆತ್ತನೆಯೊಂದನ್ನು ತಂದುಕೊಟ್ಟ. ಇಪ್ಪತ್ತಕ್ಕೂ ಹೆಚ್ಚು ಜನ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಂತಿದ್ದಾರೆ. ಕೆಳಗೆ ಒಬ್ಬ ಮುದುಕ, ಮೇಲೆ ಕೊಡ ಹೊತ್ತ ಹೆಂಗಸರು, ಬೆನ್ನಿಗೆ ಕಟ್ಟಿಕೊಂಡ ಮಕ್ಕಳು. ತೂಕ ನಾಲ್ಕು ಕೆ.ಜಿ.ಗೆ ಹತ್ತಿರ. ಅಂಗಡಿಯವರು ‘ಎಬೊನಿ ಮರ, ನೂರು ವರ್ಷ ಹಳೆಯದು, ಬುಡಕಟ್ಟಿನವರ ದೇವರು’ ಎಂದರಂತೆ. ಆದರೆ ಬುಡದ ಒಂದು ಪಕ್ಕದಲ್ಲಿ ಹಳದಿ ಮಿಶ್ರಿತ ಬಿಳಿ ಪಟ್ಟಿ ಇದೆ. ಬಿಳಿ ಮರಕ್ಕೆ ಬಣ್ಣ ಬಳಿದು ಮೋಸ ಮಾಡಿದ್ದಾರೆಯೇ? ಯಾರದೋ ದೇವರನ್ನು ಹಾಲ್‌ನಲ್ಲಿ ಇಡಬೇಡಿ ಎಂದು ಅತ್ತೆಯವರು ಹೇಳುತ್ತಿದ್ದಾರೆ. ಎರಡು ತಿಂಗಳಿಂದ ಬುಡದಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು ಬೇರೆ ಬಂದಿದೆ. ಒಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ಎನ್ನುತ್ತಾರೆ, ಬಡಗಿ ಅಂಟು ತುಂಬಿ ಪಾಲಿಶ್ ಹೊಡೆಯುತ್ತೇನೆ ಎನ್ನುತ್ತಾನೆ. ಏನು ಮಾಡಲಿ? — ಗೃಹಿಣಿಯೊಬ್ಬರು, ಹಾಸನ

ಉತ್ತರ: ಬಡಗಿಯನ್ನು ಸದ್ಯಕ್ಕೆ ತಡೆಯಿರಿ. ಎಣ್ಣೆಯನ್ನೂ ಹಚ್ಚಬೇಡಿ. ಉಳಿದದ್ದನ್ನು ಸಾವಕಾಶವಾಗಿ ಮಾತಾಡೋಣ, ಅವಸರವೇನೂ ಇಲ್ಲ.

ಮೊದಲು ಆ ಬಿಳಿ ಪಟ್ಟಿ. ನಿಮಗೆ ಅನುಮಾನ ತಂದಿರುವ ಅದೇ ಪಟ್ಟಿ ನನಗೆ ನೆಮ್ಮದಿ ತಂದಿತು. ನಿಮ್ಮೂರಿನ ಕಡೆ ಹಳೆಯ ಮನೆಗಳಲ್ಲಿ ಬೀಟೆ ಮರದ ಮಂಚ, ಪೆಟ್ಟಿಗೆ ನೋಡಿರುತ್ತೀರಿ. ಬೀಟೆ ದಿಮ್ಮಿಯನ್ನು ಅಡ್ಡ ಕೊಯ್ದರೆ ಒಳಗೆ ಕಪ್ಪು-ಕಂದು ಚೇಗು, ಅದರ ಸುತ್ತ ತೊಗಟೆಗೆ ಅಂಟಿಕೊಂಡಂತೆ ಬೆಳ್ಳಗಿನ ಬಳೆ ಕಾಣುತ್ತದೆ. ನಿಮ್ಮ ಕೆತ್ತನೆಯ ಮರ ಅದೇ ಬೀಟೆಯ ಆಫ್ರಿಕಾದ ದಾಯಾದಿ. ಸ್ವಾಹಿಲಿಯಲ್ಲಿ ಅದನ್ನು ಮ್ಪಿಂಗೊ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಮ್ಪಿಂಗೊ ಡಾಲ್ಬರ್ಜಿಯಾ ಮೆಲನಾಕ್ಸಿಲಾನ್. ಒಂದೇ ಕುಲ. ಮ್ಪಿಂಗೊದ ಚೇಗು ಇನ್ನೂ ಗಾಢ, ನೇರಳೆ ಛಾಯೆಯ ಕಪ್ಪು. ಅದರ ಹೊರಗಿನ ಬಿಳಿ ಭಾಗ ಮಾತ್ರ ತೆಳು, ಒಂದು ಬೆರಳಿಗಿಂತ ಕಡಿಮೆ ದಪ್ಪ. ಕೆತ್ತುವವರು ಎಷ್ಟೋ ಸಲ ಬುಡದಲ್ಲಿ ಆ ಬಿಳಿಯನ್ನು ಬೇಕೆಂದೇ ಉಳಿಸುತ್ತಾರೆ. ಕೊಳ್ಳುವವರಿಗೆ ಮರ ಯಾವುದೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಪಟ್ಟಿಯೇ ಹೇಳುತ್ತದೆ. ಬಣ್ಣ ಬಳಿದು ಮೋಸ ಮಾಡುವವನು ಸಾಮಾನ್ಯವಾಗಿ ಎಲ್ಲವನ್ನೂ ಮುಚ್ಚುತ್ತಾನೆಯೇ ಹೊರತು ಬಿಳಿ ಬಿಟ್ಟು ಕೊಡುವುದಿಲ್ಲ.

ಅಂಗಡಿಯವರು ‘ಎಬೊನಿ’ ಎಂದದ್ದು ಪೇಟೆಯ ರೂಢಿ, ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ನಿಜವಾದ ಎಬೊನಿ ಎಂದರೆ ನಮ್ಮ ಕರಿಮರದ ಜಾತಿ. ಅದು ಬೀಡಿ ಎಲೆಯ ಮರದ ಬಳಗ, ಬೀಟೆಯ ಬಳಗವಲ್ಲ. ಆದರೆ ಇದರಿಂದ ನಿಮಗೆ ನಷ್ಟವೇನಿಲ್ಲ. ಕೆತ್ತನೆಗೆ ಮ್ಪಿಂಗೊ ಯಾವ ಎಬೊನಿಗೂ ಕಡಿಮೆಯಲ್ಲ. ಕ್ಲಾರಿನೆಟ್, ಓಬೋ, ಬ್ಯಾಗ್‌ಪೈಪ್ ಮಾಡುವವರು ಜಗತ್ತಿನಾದ್ಯಂತ ಇದೇ ಮರವನ್ನು ಹುಡುಕಿಕೊಂಡು ಹೋಗುತ್ತಾರೆ. ತಾಂಜಾನಿಯಾಕ್ಕೆ ಅದು ರಾಷ್ಟ್ರೀಯ ವೃಕ್ಷ. ನೀರಿನಲ್ಲಿ ಹಾಕಿದರೆ ಮುಳುಗುತ್ತದೆ, ಅಷ್ಟು ಸಾಂದ್ರ: ನೀರಿಗಿಂತ ಸುಮಾರು 1.2 ಪಟ್ಟು ಭಾರ. ನಿಮ್ಮದು ಒಂದೂವರೆ ಅಡಿ ಎತ್ತರ, ಅಡ್ಡಳತೆ ಬಹುಶಃ ಒಂದು ಗೇಣಿಗಿಂತ ಕಡಿಮೆ, ಅದರಲ್ಲೂ ಅರ್ಧ ಮರ ಕೊರೆದು ಹೋಗಿರುತ್ತದೆ. ಆದರೂ ನಾಲ್ಕು ಕೆ.ಜಿ. ತೂಗುತ್ತದೆ ಎಂದರೆ ಹಗುರ ಮರಕ್ಕೆ ಕಪ್ಪು ಬಳಿದದ್ದು ಇರಲಾರದು ಅನ್ನಿಸುತ್ತದೆ.

ಇನ್ನೂ ಖಾತರಿ ಬೇಕೆಂದರೆ ಬುಡವನ್ನು ಮೇಲೆ ಮಾಡಿ ಮೆತ್ತನೆಯ ಟವೆಲ್ ಮೇಲೆ ಮಲಗಿಸಿ. ನೆಲಕ್ಕೆ ತಾಗುವ ಆ ಭಾಗದಲ್ಲಿ ಕಾಣದ ಮೂಲೆಯೊಂದನ್ನು ಬ್ಲೇಡಿನ ತುದಿಯಿಂದ ಸಾಸಿವೆ ಕಾಳಿನಷ್ಟು ಜಾಗ ಕೆರೆಯಿರಿ. ಒಳಗೂ ಕಪ್ಪು ಅಥವಾ ನೇರಳೆ-ಕಂದು ಕಂಡರೆ ಮ್ಪಿಂಗೊ. ಕೆನೆ ಬಣ್ಣವೋ ಇಟ್ಟಿಗೆ ಕೆಂಪೋ ಕಂಡರೆ ಬೇರೆ ಮರ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ನೋಡಿ ಎಂದು ಕೆಲವರು ಹೇಳುತ್ತಾರೆ. ಆ ಪರೀಕ್ಷೆಯಲ್ಲಿ ಒಂದು ಎಡವಟ್ಟಿದೆ. ಬೀಟೆಯ ಬಳಗದ ಮರಗಳ ಒಳಗಿನ ರಾಳ ಸ್ಪಿರಿಟ್‌ನಲ್ಲಿ ಕರಗುತ್ತದೆ, ಹಾಗಾಗಿ ಅಪ್ಪಟ ಮರವೂ ಹತ್ತಿಗೆ ಕಂದು-ನೇರಳೆ ಬಣ್ಣ ಬಿಡುತ್ತದೆ. ಅದನ್ನು ನೋಡಿ ‘ಬಣ್ಣ ಬಿಟ್ಟಿತು, ನಕಲಿ’ ಎಂದು ಒಳ್ಳೆಯ ಕೆತ್ತನೆಗಳನ್ನು ಮೂಲೆಗೆ ಎಸೆದವರಿದ್ದಾರೆ. ಇದ್ದಿಲು ಉಜ್ಜಿದಂಥ ಶುದ್ಧ ಕಪ್ಪು ಬಂದರೆ ಅದು ಬೂಟ್ ಪಾಲಿಶ್. ಅದರಿಂದಲೂ ಮರ ನಕಲಿ ಎಂದು ತೀರ್ಮಾನಿಸುವಂತಿಲ್ಲ. ನಿಜವಾದ ಮ್ಪಿಂಗೊಗೂ ಅಂಗಡಿಯಲ್ಲಿ ಹೊಳಪಿಗೆಂದು ಬೂಟ್ ಪಾಲಿಶ್ ಉಜ್ಜುವುದು ಅಲ್ಲಿ ದಿನನಿತ್ಯದ ಕೆಲಸ. ಅದಕ್ಕೇ ತೂಕ ಮತ್ತು ಬುಡ, ಇವೆರಡನ್ನೇ ನಾನು ನಂಬುವುದು.

ಇನ್ನು ‘ನೂರು ವರ್ಷ ಹಳೆಯದು’ ಎಂಬ ಮಾತು. ಅದು ಸುಳ್ಳು. ಇಷ್ಟು ಧೈರ್ಯದಿಂದ ಹೇಳಲು ನಿಮ್ಮ ಕೆತ್ತನೆಯನ್ನು ಕೈಯಲ್ಲಿ ಹಿಡಿದು ನೋಡಬೇಕಾಗಿಲ್ಲ. ಒಬ್ಬರ ಮೇಲೆ ಒಬ್ಬರು ಹತ್ತಿ ನಿಂತ ಈ ಬಗೆಯ ಕೆತ್ತನೆ ಹುಟ್ಟಿಯೇ ನೂರು ವರ್ಷವಾಗಿಲ್ಲ. ಅದು ಹುಟ್ಟಿದ ಕಥೆ ಮಾತ್ರ ಯಾವ ಹಳೆಯ ವಿಗ್ರಹದ ಕಥೆಗೂ ಕಡಿಮೆಯದಲ್ಲ.

ಇದನ್ನು ಕೆತ್ತುವವರು ಮಕೊಂಡೆ ಜನ. ತಾಂಜಾನಿಯಾದ ಆಗ್ನೇಯ ಮೂಲೆ ಮತ್ತು ಮೊಜಾಂಬಿಕ್‌ನ ಉತ್ತರ ತುದಿ, ಇವೆರಡರ ನಡುವೆ ರುವುಮಾ ನದಿ ಹರಿಯುತ್ತದೆ. ನದಿಯ ಎರಡೂ ಕಡೆ ಎತ್ತರದ ಪ್ರಸ್ಥಭೂಮಿಗಳಿವೆ, ಅಲ್ಲಿ ಇವರ ಊರುಗಳು. ಅವರ ಹಳೆಯ ಮರಗೆಲಸ ಬೇರೆ ಬಗೆಯದು. ತಲೆಗೆ ಹೆಲ್ಮೆಟ್ಟಿನಂತೆ ಹಾಕಿಕೊಳ್ಳುವ ಮಪಿಕೊ ಮುಖವಾಡಗಳು ಅದರಲ್ಲಿ ಮುಖ್ಯ. ಅವಕ್ಕೆ ಬಳಸುತ್ತಿದ್ದುದು ಹಗುರ ಮರ, ಏಕೆಂದರೆ ಅದನ್ನು ತಲೆಯ ಮೇಲಿಟ್ಟುಕೊಂಡು ಕುಣಿಯಬೇಕು. ಕುಣಿಯುವವನು ಮುಖವಾಡದ ಬಾಯಿಯ ಕಿಂಡಿಯಿಂದ ದಾರಿ ನೋಡುತ್ತಾನೆ. ಮುಖವಾಡಕ್ಕೆ ನಿಜವಾದ ಕೂದಲು ಅಂಟಿಸುತ್ತಾರೆ, ಕೆನ್ನೆಯ ಹಚ್ಚೆಯ ಗೆರೆಗಳನ್ನು ಜೇನುಮೇಣದಿಂದ ಉಬ್ಬಿಸುತ್ತಾರೆ. ಭಾರದ ಮ್ಪಿಂಗೊ ಆ ಕೆಲಸಕ್ಕೆ ಬರುವುದಿಲ್ಲ.

ಕಳೆದ ಶತಮಾನದಲ್ಲಿ ಮೊಜಾಂಬಿಕ್ ಪೋರ್ಚುಗೀಸರ ಕೈಯಲ್ಲಿತ್ತು. ದುಡಿಮೆ ಹುಡುಕಿಕೊಂಡು, ದಬ್ಬಾಳಿಕೆ ತಾಳಲಾರದೆ ಸಾವಿರಾರು ಮಕೊಂಡೆಗಳು ರುವುಮಾ ದಾಟಿ ತಾಂಗನ್ಯೀಕಾಕ್ಕೆ, ಅಂದರೆ ಈಗಿನ ತಾಂಜಾನಿಯಾದ ಮುಖ್ಯ ಭೂಭಾಗಕ್ಕೆ, ಬಂದರು. ಬಂದವರಲ್ಲಿ ಬಹಳ ಮಂದಿ ಕತ್ತಾಳೆ ತೋಟಗಳಲ್ಲಿ ಕೂಲಿಗೆ ಸೇರಿದರು. ನಮ್ಮಲ್ಲಿ ಬೇಲಿಗೆ ಹಾಕುವ ಕತ್ತಾಳೆಯ ಬಳಗದ್ದೇ ಗಿಡ, ಅಲ್ಲಿ ನಾರಿಗಾಗಿ ಎಕರೆಗಟ್ಟಲೆ ಬೆಳೆಯುತ್ತಿದ್ದರು. ಹಗಲು ಕತ್ತಾಳೆ ಕೊಯ್ದವರು ಬಿಡುವಿನಲ್ಲಿ ಮರ ಕೆತ್ತುತ್ತಿದ್ದರು. 1950ರ ದಶಕದಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ಭಾರತೀಯ ಮೂಲದ ಮೊಹಮ್ಮದ್ ಪೀರಾ ಎಂಬ ವ್ಯಾಪಾರಿ ಇವರ ಕೆತ್ತನೆಗಳನ್ನು ಕೊಳ್ಳತೊಡಗಿದರು. ಕೊಂಡು ಮಾರಿದ್ದಷ್ಟೇ ಅಲ್ಲ, ಹೊಸದು ಮಾಡಿ ತಂದವರಿಗೆ ‘ಇನ್ನೂ ಮಾಡು’ ಎಂದು ಬೆನ್ನು ತಟ್ಟಿದರು. ಆಧುನಿಕ ಮಕೊಂಡೆ ಕಲೆಯ ಚರಿತ್ರೆ ಹೇಳುವವರು ಯಾರೂ ಪೀರಾ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಆ ಕಾಲದಲ್ಲೇ ಮೊಜಾಂಬಿಕ್‌ನಿಂದ ಬಂದ ರೊಬೆರ್ಟೊ ಯಾಕೊಬೊ ಸಾಂಗ್ವಾನಿ ಎಂಬ ಕೆತ್ತನೆಗಾರರು ಒಂದು ಹೊಸ ಬಗೆಯ ಕೆತ್ತನೆ ಮಾಡಿದರು. ಕುಸ್ತಿಯಲ್ಲಿ ಗೆದ್ದ ಜಟ್ಟಿಯನ್ನು ಗೆಳೆಯರೆಲ್ಲ ಹೆಗಲ ಮೇಲೆ ಹೊತ್ತು ಎತ್ತಿಹಿಡಿದ ಚಿತ್ರ ಅದು ಎನ್ನುತ್ತಾರೆ. ಮಕೊಂಡೆಯಲ್ಲಿ ಅದಕ್ಕೆ ದಿಮೂಂಗೊ ಎಂದು ಹೆಸರು, ಬಲ ಎಂಬ ಅರ್ಥ. ಆಮೇಲೆ ಉಳಿದವರು ಅದೇ ಬಗೆಯಲ್ಲಿ ಕೆತ್ತುತ್ತಾ ಹೋದರು. ಜಟ್ಟಿಯ ಜಾಗಕ್ಕೆ ಹಿರಿಯರು ಬಂದರು, ಗೆಳೆಯರ ಜಾಗಕ್ಕೆ ಮಕ್ಕಳು ಮೊಮ್ಮಕ್ಕಳು ಬಂದರು. 1967ರಲ್ಲಿ ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅರೂಶಾ ಘೋಷಣೆ ಹೊರಡಿಸಿ, ಇಡೀ ದೇಶ ಒಂದು ಕುಟುಂಬದಂತೆ ದುಡಿದು ಹಂಚಿ ಬಾಳಬೇಕು ಎಂಬ ಉಜಾಮಾ ತತ್ವವನ್ನು ಮುಂದಿಟ್ಟರು. ಉಜಾಮಾ ಎಂದರೆ ಸ್ವಾಹಿಲಿಯಲ್ಲಿ ಕುಟುಂಬದ ಭಾವ. ಒಬ್ಬರನ್ನೊಬ್ಬರು ಹೊತ್ತು ನಿಂತ ಜನರ ಆ ಕೆತ್ತನೆಗೂ ಅದೇ ಹೆಸರು ಅಂಟಿಕೊಂಡಿತು. ನ್ಯೆರೆರೆಯವರ ಆರ್ಥಿಕ ನೀತಿ ಕೊನೆಗೆ ಸೋತಿತು, ಹೆಸರು ಮರದಲ್ಲಿ ಉಳಿಯಿತು. ನಿಮ್ಮ ಹಾಲ್‌ನಲ್ಲಿರುವುದು ಉಜಾಮಾ. ‘ಜೀವವೃಕ್ಷ’ ಎಂಬ ಅರ್ಥದ ಹೆಸರಿನಲ್ಲೂ ಅದನ್ನು ಮಾರುತ್ತಾರೆ.

ಅದು ಹೇಗೆ ಹುಟ್ಟುತ್ತದೆ ಎಂದು ಒಮ್ಮೆ ಹತ್ತಿರ ಕೂತು ನೋಡಿದ್ದೇನೆ. ದಾರ್ ಎಸ್ ಸಲಾಮ್‌ನ ಮ್ವೆಂಗೆ ಎಂಬಲ್ಲಿ ಕೆತ್ತನೆಗಾರರ ಅಂಗಡಿಸಾಲು ಇದೆ, ನಿಮ್ಮ ಮಗನಿಗೆ ಗೊತ್ತಿರುತ್ತದೆ. ಅಂಗಡಿಗಳ ಹಿಂದೆ ಮಾವಿನ ಮರದ ನೆರಳಲ್ಲಿ ನಡುವಯಸ್ಸಿನವರೊಬ್ಬರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತೊಗಟೆ ಸುಲಿದ ಮ್ಪಿಂಗೊ ತುಂಡನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದಿದ್ದರು. ಪಾದಗಳೇ ಅವರ ಇಕ್ಕಳ. ಕೈಯಲ್ಲಿ ತೆಜೊ, ಅಂದರೆ ನಮ್ಮ ಬಡಗಿಗಳ ಬಾಚಿಯಂಥದ್ದೇ, ಹಿಡಿ ಗಿಡ್ಡ. ಮರದ ಮೇಲೆ ಪೆನ್ಸಿಲ್ ಗೆರೆ ಒಂದೂ ಇಲ್ಲ. ಅವರು ತುಂಡನ್ನು ತಿರುಗಿಸುತ್ತಾರೆ, ನೋಡುತ್ತಾರೆ, ಎರಡು ಏಟು ಹಾಕುತ್ತಾರೆ, ಮತ್ತೆ ತಿರುಗಿಸುತ್ತಾರೆ. ಮರದಲ್ಲಿ ಒಂದು ಕಡೆ ಗಂಟು ಇತ್ತು. ಆ ಗಂಟನ್ನು ಕಡಿದು ತೆಗೆಯುತ್ತಾರೆ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಅದು ಬಗ್ಗಿ ಕೂತ ಹೆಂಗಸಿನ ಮಂಡಿಯಾಯಿತು. ಹೊರಗಿನ ಆಳುಗಳ ರೂಪ ಬಂದ ಮೇಲೆ ಸಣ್ಣ ಉಳಿಗಳಿಂದ ಅವರ ಕೈಕಾಲುಗಳ ಸಂದಿನಿಂದ ಒಳಗಿನ ಮರವನ್ನು ಚೂರು ಚೂರಾಗಿ ಕೊರೆದು ತೆಗೆಯುತ್ತಾರೆ, ಬೆಳಕು ಆಚೆಯಿಂದ ಈಚೆ ಬರುವವರೆಗೆ. ಇದಕ್ಕೆ ದಿನಗಳಲ್ಲ, ವಾರಗಳು ಹಿಡಿಯುತ್ತವೆ. ಒಂದು ತಪ್ಪು ಏಟು ಬಿದ್ದರೆ ತೋಳು ಮುರಿಯುತ್ತದೆ. ಮುರಿದ ತೋಳನ್ನು ಅಂಟಿಸುವ ಪದ್ಧತಿ ಒಳ್ಳೆಯ ಕೆತ್ತನೆಗಾರರಲ್ಲಿ ಇಲ್ಲ. ಇಡೀ ಗುಂಪು ಒಂದೇ ಮರದ ತುಂಡು, ಎಲ್ಲೂ ಜೋಡಣೆಯಿಲ್ಲ. ಕಡೆಗೆ ಅರ, ಅದಾದ ಮೇಲೆ ಸ್ಯಾಂಡ್ ಪೇಪರ್.

ನೀವೀಗ ನಿಮ್ಮದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಬ್ಬರ ಕೈಯನ್ನು ಹಿಡಿದು ಹೊರಡಿ: ಅದು ಯಾರ ಹೆಗಲ ಮೇಲಿದೆ, ಆ ಹೆಗಲಿನವರ ಕೈ ಎಲ್ಲಿದೆ, ಹೀಗೆ. ಸುತ್ತಿ ಸುತ್ತಿ ಕೊನೆಗೆ ಕೆಳಗಿನ ಮುದುಕನ ಹತ್ತಿರ ಬಂದು ನಿಲ್ಲುತ್ತೀರಿ. ಮುಖಗಳನ್ನು ಹೋಲಿಸಿ. ಒಂದೇ ಥರದ ಎರಡು ಕಿವಿ ಸಿಗಬಾರದು. ಕಾಲುಗಳ ಸಂದಿಯಲ್ಲಿ, ಸ್ಯಾಂಡ್ ಪೇಪರ್ ಹೋಗದ ಜಾಗದಲ್ಲಿ, ಉಳಿಯ ಸಣ್ಣ ಸಣ್ಣ ಚಪ್ಪಟೆ ಗುರುತುಗಳಿರುತ್ತವೆ, ಬೆರಳಿಗೆ ತಾಗುತ್ತವೆ. ಅದು ಕೈಕೆಲಸ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ವಯಸ್ಸಾದ ಹೆಂಗಸಿನ ಮೇಲ್ದುಟಿ ಮುಂದಕ್ಕೆ ಚಾಚಿದಂತೆ ಕಂಡರೆ ಅದು ಕೆತ್ತನೆಯ ದೋಷ ಅಂದುಕೊಳ್ಳಬೇಡಿ. ಹಿಂದಿನ ಕಾಲದ ಮಕೊಂಡೆ ಹೆಂಗಸರು ಮೇಲ್ದುಟಿಗೆ ಮರದ ಬಿಲ್ಲೆ ಹಾಕಿಕೊಳ್ಳುತ್ತಿದ್ದರು, ನಮ್ಮ ಅಜ್ಜಿಯರು ಮೂಗುಬೊಟ್ಟು ಹಾಕಿಕೊಂಡಂತೆ. ಕೆನ್ನೆಯ ಮೇಲಿನ ಗೆರೆಗಳು ಹಚ್ಚೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಬೇರೆಯವರು ಪೂಜಿಸುವ ಮೂರ್ತಿಯನ್ನು ಅಲಂಕಾರಕ್ಕೆ ಇಡುವುದು ನಮಗೆ ಒಪ್ಪುವ ವಿಷಯವಲ್ಲ. ಕರಾವಳಿಯ ದೈವದ ಮೊಗವನ್ನು ಯಾರಾದರೂ ಹೊರದೇಶದಲ್ಲಿ ಟಿ.ವಿ. ಪಕ್ಕ ನೇತುಹಾಕಿದರೆ ನಮಗೆ ಹೇಗಾಗುತ್ತದೆ? ಅದಕ್ಕೇ ಈ ವಿಚಾರದಲ್ಲಿ ಹಾರಿಕೆಯ ಮಾತು ಆಡುವುದಿಲ್ಲ. ಉಜಾಮಾ ಕೆತ್ತನೆ ದೇವರಲ್ಲ, ದೈವವೂ ಅಲ್ಲ. ಅದಕ್ಕೆ ಯಾರೂ ಪ್ರಾಣಪ್ರತಿಷ್ಠೆ ಮಾಡಿಲ್ಲ, ಬಲಿ ಕೊಟ್ಟಿಲ್ಲ, ಪೂಜೆ ನಡೆದಿಲ್ಲ. ಮನೆಗಳಲ್ಲಿ ಇಡಲೆಂದೇ, ಮಾರಲೆಂದೇ ಮಾಡಿದ ಶಿಲ್ಪ ಅದು. ಆಚರಣೆಗೆ ಸೇರಿದ್ದು ನಾನು ಮೇಲೆ ಹೇಳಿದ ಮಪಿಕೊ ಮುಖವಾಡ. ಹುಡುಗರು ಹುಡುಗಿಯರು ದೊಡ್ಡವರಾದಾಗ ನಡೆಯುವ ಸಂಸ್ಕಾರದ ಕುಣಿತಕ್ಕೆ ಅದು ಬೇಕು, ಹಿಂದೆ ಅದನ್ನು ಹೆಂಗಸರ ಕಣ್ಣಿಗೆ ಬೀಳದಂತೆ ಇಡುತ್ತಿದ್ದರು. ಕುಣಿತದಲ್ಲಿ ಬಳಸಿದ ಹಳೆಯ ಮಪಿಕೊವನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡ ಎಂದು ಮಗನಿಗೆ ಹೇಳಿ. ಅದು ಅವರ ಊರಲ್ಲೇ ಇರಲಿ.

ಅತ್ತೆಯವರಿಗೆ ಒಂದು ಕಥೆಯನ್ನೂ ಹೇಳಿ. ಮಕೊಂಡೆಗಳು ತಮ್ಮ ಮೂಲದ ಬಗ್ಗೆ ಹೇಳಿಕೊಳ್ಳುವ ಕಥೆ ಅದು. ಮೊದಲು ಭೂಮಿಯ ಮೇಲೆ ಒಬ್ಬನೇ ಇದ್ದ, ಸ್ನಾನವಿಲ್ಲ, ಕ್ಷೌರವಿಲ್ಲ. ಒಂಟಿತನ ತಾಳಲಾರದೆ ಮರದಲ್ಲಿ ಒಂದು ಹೆಣ್ಣಿನ ರೂಪ ಕೆತ್ತಿ ನೆಟ್ಟಗೆ ನಿಲ್ಲಿಸಿ ಮಲಗಿದ. ಬೆಳಗಾಗುವಷ್ಟರಲ್ಲಿ ಅದಕ್ಕೆ ಜೀವ ಬಂದಿತ್ತು. ಇಬ್ಬರೂ ರುವುಮಾ ನದಿಯಲ್ಲಿ ಮಿಂದು ಸಂಸಾರ ಹೂಡಿದರು. ನದಿಯ ದಂಡೆಯಲ್ಲಿ ಹುಟ್ಟಿದ ಮೊದಲ ಕೂಸು ಉಳಿಯಲಿಲ್ಲ. ಸ್ವಲ್ಪ ಮೇಲೆ ಹೋದರು, ಎರಡನೆಯದೂ ಉಳಿಯಲಿಲ್ಲ. ದಟ್ಟ ಪೊದೆಯ ಎತ್ತರದ ನೆಲಕ್ಕೆ ಹೋದ ಮೇಲೆ ಹುಟ್ಟಿದ ಮೂರನೆಯ ಕೂಸು ಬದುಕಿತು, ಅದರಿಂದಲೇ ನಾವೆಲ್ಲ ಎನ್ನುತ್ತಾರೆ. ಇಡೀ ಕುಲದ ತಾಯಿ ಮೊದಲು ಮರದ ಕೆತ್ತನೆಯಾಗಿದ್ದಳು ಎಂದು ನಂಬುವ ಜನ ಮರಕ್ಕೆ ಕೈಯಿಡುವ ರೀತಿಯೇ ಬೇರೆ ಇರುತ್ತದೆ. ಅವರಲ್ಲಿ ಕುಲ ಎಣಿಸುವುದು ತಾಯಿಯ ಕಡೆಯಿಂದ, ತುಳುನಾಡಿನ ಅಳಿಯಕಟ್ಟಿನ ಹಾಗೆ. ಅದಕ್ಕೇ ಎಷ್ಟೋ ಉಜಾಮಾಗಳಲ್ಲಿ ಮುದುಕನ ಜಾಗದಲ್ಲಿ ಅಜ್ಜಿ ಇರುತ್ತಾಳೆ.

ಮಗ ಮುಂದಿನ ಸಲ ಬೇರೆ ಬಗೆಯದನ್ನು ತಂದಾನು, ಅದಕ್ಕೂ ಈಗಲೇ ಹೇಳಿಬಿಡುತ್ತೇನೆ. ಒಂದೇ ಕಣ್ಣು, ಉದ್ದದ ಕಿವಿ, ಬಳ್ಳಿಯಂತೆ ಸುತ್ತಿಕೊಂಡ ಮೈ ಇರುವ ವಿಚಿತ್ರ ರೂಪಗಳೂ ಮಕೊಂಡೆಗಳಲ್ಲಿ ಪ್ರಸಿದ್ಧ. ಅವನ್ನು ಶೆತಾನಿ ಎನ್ನುತ್ತಾರೆ. ಸಾಮಾಕಿ ಲಿಕಾಂಕೊವಾ ಎಂಬ ಕೆತ್ತನೆಗಾರರಿಂದ ಆ ಬಗೆ ಶುರುವಾಯಿತು ಎಂಬುದು ವಾಡಿಕೆ. ಹೆಸರು ಕೇಳಿ ಗಾಬರಿಯಾಗುವುದು ಸಹಜ, ಏಕೆಂದರೆ ನಮ್ಮ ‘ಸೈತಾನ’ ಮತ್ತು ಅವರ ‘ಶೆತಾನಿ’ ಎರಡೂ ಒಂದೇ ಅರಬ್ಬಿ ಮಾತಿನಿಂದ ಬಂದವು. ಆದರೆ ಅವರ ಶೆತಾನಿಗಳು ಕಾಡಿನ, ನೀರಿನ, ಮರದ ಅಲೌಕಿಕ ಜೀವಿಗಳು. ಕೆಲವು ಕಾಟ ಕೊಡುತ್ತವೆ, ಕೆಲವು ದಾರಿ ತೋರಿಸುತ್ತವೆ. ಆ ಕೆತ್ತನೆಗಳೂ ಪೂಜೆಗಲ್ಲ. ಆದರೂ ಮನೆಯ ಹಿರಿಯರಿಗೆ ಅಳುಕಿದ್ದರೆ ತರದಿರುವುದೇ ಒಳ್ಳೆಯದು. ಮನೆಯಲ್ಲಿ ದಿನವೂ ಕಣ್ಣಿಗೆ ಬೀಳುವ ವಸ್ತು ಎಲ್ಲರಿಗೂ ಹಿತವಾಗಿರಬೇಕು.

ಉಜಾಮಾವನ್ನು ದೇವರ ಕೋಣೆಯಲ್ಲಿ ಇಡುವ ಅಗತ್ಯವಿಲ್ಲ, ಚಪ್ಪಲಿ ಸ್ಟ್ಯಾಂಡಿನ ಮೇಲೂ ಇಡಬೇಡಿ. ನಾಲ್ಕೂ ಕಡೆಯಿಂದ ನೋಡುವಂಥ ವಸ್ತು ಅದು. ಗೋಡೆಗೆ ಒತ್ತಿದರೆ ಅರ್ಧ ಕುಟುಂಬ ಗೋಡೆ ನೋಡಿಕೊಂಡು ನಿಲ್ಲಬೇಕಾಗುತ್ತದೆ. ಎದೆಮಟ್ಟದ ಎತ್ತರ, ಪಕ್ಕದಿಂದ ಬೆಳಕು, ಹಿಂದೆ ತಿಳಿ ಬಣ್ಣದ ಗೋಡೆ. ಕಪ್ಪು ಮರಕ್ಕೆ ನೇರ ಎದುರಿನ ಬೆಳಕು ಬಿದ್ದರೆ ಎಲ್ಲ ಒಂದು ಮುದ್ದೆಯಂತೆ ಕಾಣುತ್ತದೆ.

ಈಗ ಬಿರುಕು. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡುವ ರಿಪೇರಿಯಿಂದಲೇ ಇಂಥ ಕೆತ್ತನೆಗಳು ಹೆಚ್ಚು ಹಾಳಾಗುವುದನ್ನು ಕಂಡಿದ್ದೇನೆ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ವರ್ಷದ ಬಳೆಗಳ ಉದ್ದಕ್ಕೂ ಕುಗ್ಗುವುದು ಹೆಚ್ಚು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದರ ಅರ್ಧದಷ್ಟು. ಹಲಗೆಯಾದರೆ ಅದು ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ. ನಿಮ್ಮದು ಹಲಗೆಯಲ್ಲ, ಇಡೀ ಕೊಂಬೆಯ ತುಂಡು, ನಟ್ಟನಡುವೆ ತಿರುಳೂ ಇದೆ. ಅಂಥದ್ದಕ್ಕೆ ಎಲ್ಲಾದರೂ ಬಿರಿಯುವುದೊಂದೇ ದಾರಿ. ಅದಕ್ಕೇ ಬಿರುಕು ಬುಡದಿಂದ ಮೇಲಕ್ಕೆ, ಮರದ ಎಳೆಯ ಜೊತೆಗೇ ಹೋಗುತ್ತಿದೆ. ಕ್ಲಾರಿನೆಟ್ ಮಾಡುವವರು ಮ್ಪಿಂಗೊವನ್ನು ವರ್ಷಗಟ್ಟಲೆ ಒಣಗಿಸಿಯೇ ಮುಟ್ಟುವುದು. ಕೆತ್ತುವವರಿಗೆ ಪೂರ್ತಿ ಒಣಗಿದ ಮ್ಪಿಂಗೊ ಕಬ್ಬಿಣದಂತೆ, ಉಳಿ ಕೂರುವುದಿಲ್ಲ, ಹಾಗಾಗಿ ಅರೆಹಸಿಯಿದ್ದಾಗಲೇ ಕೆತ್ತುತ್ತಾರೆ. ದಾರ್ ಎಸ್ ಸಲಾಮ್ ಸಮುದ್ರದಂಡೆಯ ಊರು, ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿಂದ ಹೊರಟು ವಿಮಾನದಲ್ಲಿ ಹಾದು, ನಿಮ್ಮಲ್ಲಿ ಚಳಿಗಾಲದ ಒಣಹವೆಗೆ ಬಂದಾಗ ಮರ ಬಾಯಿ ಬಿಡುವುದು ಸಹಜ. ಮೋಸವೂ ಅಲ್ಲ, ಅಪಶಕುನವೂ ಅಲ್ಲ.

ಒಂದು ಕಚೇರಿಯ ಸ್ವಾಗತ ಕೋಣೆಯಲ್ಲಿ ಮೂರಡಿಯ ಉಜಾಮಾ ನೋಡಿದ್ದೆ, ಬಹಳ ಚೆನ್ನಾದ ಕೆಲಸ. ಅದನ್ನು ಎ.ಸಿ.ಯ ಗಾಳಿ ನೇರ ಬೀಳುವ ಕಡೆ ಇಟ್ಟಿದ್ದರು. ಬಿರುಕು ಬಂದಾಗ ಅಂಟಿಗೆ ಮರದ ಪುಡಿ ಕಲಸಿ ಗಟ್ಟಿಯಾಗಿ ತುಂಬಿಸಿದರು. ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗಿತು. ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳಬೇಕಿದ್ದ ಜಾಗದಲ್ಲಿ ಗಟ್ಟಿ ಬೆಣೆ ಕೂತಿತ್ತು. ಮರಕ್ಕೆ ಒತ್ತಲು ಜಾಗವಿಲ್ಲದೆ ಆ ಕಡೆಯಿಂದ ಹೊಸದಾಗಿ ಸೀಳಿತು, ಇಬ್ಬರ ಮುಖದ ಮಧ್ಯೆ. ನಿಮ್ಮ ಬಡಗಿ ಮಾಡಲು ಹೊರಟಿರುವುದೂ ಅದನ್ನೇ. ಅವರ ಕೆಲಸದಲ್ಲಿ, ಬಾಗಿಲು ಕಿಟಕಿಗೆ, ಅದು ಸರಿಯಾದ ವಿಧಾನವೇ. ಇದಕ್ಕೆ ಸಲ್ಲದು.

ಹೀಗೆ ಮಾಡಿ. ಬಿರುಕಿನ ತುದಿ ಎಲ್ಲಿದೆ ಎಂದು ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ತಾರೀಖು ಬರೆದಿಡಿ. ಬಿಸಿಲು ಬೀಳುವ ಕಿಟಕಿ, ಟಿ.ವಿ., ಫ್ರಿಜ್‌ನ ಮೇಲ್ಭಾಗ, ಫ್ಯಾನಿನ ನೇರ ಗಾಳಿ ಇವುಗಳಿಂದ ದೂರ ಇಡಿ. ಈ ಬೇಸಿಗೆ ಮುಗಿಯುವವರೆಗೆ ರಾತ್ರಿ ಹೊತ್ತು ಮೇಲೆ ಹತ್ತಿಬಟ್ಟೆ ಹೊದಿಸಿದರೆ ಒಣಗುವ ವೇಗ ಕೊಂಚ ತಗ್ಗುತ್ತದೆ. ಒಂದು ಮಳೆಗಾಲ ಕಳೆಯಲಿ. ಬಿರುಕು ಅಷ್ಟೇ ಇದ್ದರೆ ಅಥವಾ ಮುಚ್ಚಿಕೊಂಡರೆ ಮುಟ್ಟಬೇಡಿ. ಎ.ಟಿ.ಎಂ. ಕಾರ್ಡ್ ತೂರುವಷ್ಟು ಅಗಲವಾದರೆ ಆಗ ಮೇಣ ತುಂಬಬಹುದು. ಜೇನುಮೇಣಕ್ಕೆ ಕಾಡಿಗೆಯಂಥ ಕಪ್ಪು ಮಸಿ ಸೇರಿಸಿ, ಕೈಯಲ್ಲಿ ನಾದಿ ಒತ್ತಿದರೆ ಸಾಕು. ಮರ ಹಿಗ್ಗಿದಾಗ ಮೇಣ ಹೊರಕ್ಕೆ ಉಬ್ಬುತ್ತದೆ, ಕುಗ್ಗಿದಾಗ ಉಳಿಯುತ್ತದೆ, ಯಾವಾಗ ಬೇಕಾದರೂ ತೆಗೆಯಬಹುದು.

ಕೊಬ್ಬರಿ ಎಣ್ಣೆ ಏಕೆ ಬೇಡ ಎಂದರೆ, ಅದು ಒಣಗುವ ಎಣ್ಣೆಯಲ್ಲ. ಒಳಗೂ ಇಳಿಯುವುದಿಲ್ಲ, ಮ್ಪಿಂಗೊ ಅಷ್ಟು ಬಿಗಿ. ಮೇಲೇ ನಿಂತು ಧೂಳು ಹಿಡಿದು ಜಿಡ್ಡಾಗುತ್ತದೆ, ಕಮಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಇಪ್ಪತ್ತು ಜನರ ಕೈಕಾಲಿನ ಸಂದಿಯಿಂದ ಆ ಜಿಡ್ಡನ್ನು ಬಿಡಿಸುವುದು ನನ್ನಂಥವರಿಗೂ ಕಷ್ಟ. ಧೂಳಿಗೆ ಮಕ್ಕಳ ಚಿತ್ರಕಲೆಯ ಮೆತ್ತನೆಯ ಬ್ರಷ್ ಸಾಕು, ವಾರಕ್ಕೊಮ್ಮೆ. ಒದ್ದೆ ಬಟ್ಟೆ ಬೇಡ. ವರ್ಷಕ್ಕೊಮ್ಮೆ ಹೊಳಪು ಬೇಕೆನಿಸಿದರೆ ಒಂದು ಪಾಲು ಜೇನುಮೇಣವನ್ನು ತುರಿದು ಮೂರು ಪಾಲು ಟರ್ಪೆಂಟೈನ್‌ನಲ್ಲಿ ಹಾಕಿ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಒಲೆಯ ಹತ್ತಿರ ಖಂಡಿತ ಬೇಡ, ಬೆಂಕಿ ಹಿಡಿಯುತ್ತದೆ. ತಣಿದಾಗ ಬೆಣ್ಣೆಯಂತಾಗುತ್ತದೆ. ಅಕ್ಕಿಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ಸವರಿ, ಅರ್ಧ ಗಂಟೆ ಬಿಟ್ಟು ಹಳೆಯ ಪಂಚೆಯ ತುಂಡಿನಿಂದ ಉಜ್ಜಿ. ಬಿಳಿ ಪಟ್ಟಿಯ ಮೇಲೂ ಸವರಿ, ಕಪ್ಪು ಮಾಡಲು ಮಾತ್ರ ಹೋಗಬೇಡಿ.

ಆ ಬಿಳಿ ಪಟ್ಟಿಯ ಮೇಲೆ ಒಂದು ಕಣ್ಣಿಡಿ. ಚೇಗನ್ನು ಹುಳ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಬಿಳಿ ಭಾಗಕ್ಕೆ ಕುಟ್ಟೆ ಬೀಳಬಹುದು. ಕೆಳಗೆ ಬಿಳಿ ಕಾಗದ ಹಾಸಿಟ್ಟು ಹದಿನೈದು ದಿನಕ್ಕೊಮ್ಮೆ ನೋಡಿ. ಹಿಟ್ಟಿನಂಥ ನುಣ್ಣನೆ ಪುಡಿ ಉದುರಿದ್ದರೆ ಹುಳ ಇದೆ ಎಂದರ್ಥ. ಆಗ ಔಷಧಿ ಸಿಂಪಡಿಸುವ ಬದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲವನ್ನು ಒಂದಿಡೀ ದಿನ ಬಿಚ್ಚಬೇಡಿ, ಇಲ್ಲವಾದರೆ ತಣ್ಣನೆಯ ಮರದ ಮೇಲೆ ನೀರು ಕೂರುತ್ತದೆ. ಹುಳ ಇಲ್ಲದಿದ್ದರೆ ಇದನ್ನು ಮುಂಜಾಗ್ರತೆಗೆಂದು ಮಾಡಲು ಹೋಗಬೇಡಿ.

ನೀವು ಕೇಳದಿದ್ದರೂ ಕಾನೂನಿನ ಒಂದು ಮಾತು. 2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವಹಿವಾಟು ಸೈಟೀಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶಗಳ ಒಪ್ಪಂದದ, ಹತೋಟಿಗೆ ಬಂದಿದೆ. ಬೀಟೆ, ಮ್ಪಿಂಗೊ ಎರಡೂ ಅದರಲ್ಲಿವೆ. 2019ರಲ್ಲಿ ನಿಯಮ ಸಡಿಲಿಸಿ, ಕೆತ್ತಿ ಮುಗಿಸಿದ ವಸ್ತುಗಳು ಒಂದು ಸಾಗಣೆಗೆ 10 ಕೆ.ಜಿ.ವರೆಗೆ ಇದ್ದರೆ ವಿನಾಯಿತಿ ಕೊಟ್ಟರು. ನಿಮ್ಮದು ಅದರೊಳಗೆ ಬರುತ್ತದೆ. ಕೆತ್ತದ ಮರದ ತುಂಡನ್ನು ಮಾತ್ರ ಪರವಾನಗಿ ಇಲ್ಲದೆ ಮಗ ತರುವಂತಿಲ್ಲ. ಆನೆದಂತದ ಕಣ್ಣೋ ಹಲ್ಲೋ ಕೂರಿಸಿದ್ದು ಯಾವ ಕಾರಣಕ್ಕೂ ಬೇಡ. ಈ ಹತೋಟಿಗೆ ಕಾರಣವಿದೆ: ಮ್ಪಿಂಗೊ ಕಡಿಯುವ ಗಾತ್ರಕ್ಕೆ ಬರಲು ಒಬ್ಬ ಮನುಷ್ಯನ ಆಯಸ್ಸೇ ಬೇಕು, ಎಪ್ಪತ್ತು ವರ್ಷವೋ ಅದಕ್ಕೂ ಹೆಚ್ಚೋ. ನಿಮ್ಮ ಕೆತ್ತನೆಗೆ ನೂರು ವರ್ಷ ಆಗಿಲ್ಲ, ಅದರ ಮರಕ್ಕೆ ಆಗಿದ್ದರೂ ಆಗಿರಬಹುದು.

ಕಡೆಯದಾಗಿ, ನಿಮ್ಮ ಪತ್ರ ಓದುವಾಗ ನನಗೆ ಬೇಸರವಾದ ವಿಷಯ ಒಂದೇ. ಎಷ್ಟು ಹಳೆಯದು, ಯಾವ ಮರ, ಯಾವ ದೇವರು, ಎಲ್ಲವನ್ನೂ ಅಂಗಡಿಯವರು ಹೇಳಿದ್ದಾರೆ. ಕೆತ್ತಿದವರ ಹೆಸರನ್ನು ಮಾತ್ರ ಹೇಳಿಲ್ಲ. ‘ಬುಡಕಟ್ಟಿನವರು’ ಎಂದುಬಿಟ್ಟರೆ ವಾರಗಟ್ಟಲೆ ಕೂತು ಕೆತ್ತಿದ ಆ ಒಬ್ಬ ವ್ಯಕ್ತಿ ಮಾಯವಾಗಿಬಿಡುತ್ತಾರೆ. ಮಕೊಂಡೆ ಕೆತ್ತನೆಗಾರರು ಹೆಸರಿಲ್ಲದ ಜನರಲ್ಲ. ಸಾಂಗ್ವಾನಿ, ಲಿಕಾಂಕೊವಾ ಅವರ ಹೆಸರು ಉಳಿದದ್ದು ಯಾರೋ ಕೇಳಿ ಬರೆದಿಟ್ಟದ್ದರಿಂದ. 2005ರಲ್ಲಿ ತೀರಿಕೊಂಡ ಜಾರ್ಜ್ ಲಿಲಾಂಗಾ ಎಂಬ ಮಕೊಂಡೆ ಕಲಾವಿದರು ಕೆತ್ತನೆಯಿಂದಲೇ ಶುರುಮಾಡಿ, ಆಮೇಲೆ ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತರಾದರು. ನಿಮ್ಮದನ್ನು ಕೆತ್ತಿದವರು ಬಹುಶಃ ಈಗಲೂ ಅದೇ ಊರಿನಲ್ಲಿ, ಯಾವುದೋ ಮರದ ಕೆಳಗೆ, ಪಾದಗಳ ನಡುವೆ ಇನ್ನೊಂದು ತುಂಡು ಹಿಡಿದು ಕೂತಿರಬಹುದು.

ಮಗ ಮತ್ತೆ ದಾರ್ ಎಸ್ ಸಲಾಮ್‌ಗೆ ಹೋದಾಗ ಕೆತ್ತನೆಯ ಫೋಟೊ ಹಿಡಿದು ಅದೇ ಅಂಗಡಿಗೆ ಹೋಗಲಿ. ಅಂಗಡಿಯವರು ಹೇಳದಿದ್ದರೆ ಹಿಂದೆ ಕೆತ್ತುತ್ತಾ ಕೂತವರಿಗೆ ತೋರಿಸಲಿ. ಒಬ್ಬರ ಕೈ ಇನ್ನೊಬ್ಬರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸಿಕ್ಕರೆ ಅವರ ಹೆಸರು, ಊರು, ರುವುಮಾದ ಈ ಕಡೆಯವರೋ ಆ ಕಡೆಯವರೋ, ಕೆಳಗಿನ ಮುದುಕ ಯಾರು ಎಂದು ಕೇಳಿ ಬರೆದುಕೊಂಡು ಬರಲಿ. ಕೊಂಡ ತಿಂಗಳು, ಕೊಟ್ಟ ದುಡ್ಡು, ರಸೀದಿ ಇದ್ದರೆ ಅದೂ ಇರಲಿ. ಎಲ್ಲವನ್ನೂ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಚೀಟಿಯನ್ನು ಮರಕ್ಕೆ ಅಂಟಿಸಬೇಡಿ, ಮಡಿಸಿ ಕೆತ್ತನೆಯ ಬುಡದ ಕೆಳಗೆ ಇಡಿ.